ಕಿನ್ನರಿ ಕೇಳುವ ಕೋಣಗಳು

ನನ್ನ ಕಂಠದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರೈಮರಿ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮೇಷ್ಟ್ರು ನನ್ನ ಹತ್ತಿರ ಬಂದು, ವನಮಾಲಾ, ನೀನು ಬರೀ ಬಾಯಿ ಆಡಿಸು ಸಾಕು ಎಂದಿದ್ದರು. ದೇವರಿಗೂ ಅದೇ ಅನುಕೂಲವಾಯಿತೆಂದು ಕಾಣುತ್ತದೆ. ಆ ವರ್ಷ ಕ್ಲಾಸಿಗೆ ನಾನೇ ಮೊದಲು ಬಂದೆ.

ಇಂಥ ನಾನು ಸಾಗರದಲ್ಲಿ ಬಿ.ಎ. ಓದುವಾಗ ಸಂಗೀತದ ಕ್ಲಾಸಿಗೆ ಸೇರಿದ್ದು ಹಾಡಲಿಕ್ಕಲ್ಲ. ಅದು ಕೇಳುವುದನ್ನು ಕಲಿಸುವ ಕ್ಲಾಸು. ಅರವತ್ತರ ದಶಕದ ನಡುಭಾಗ, ಊರಿಗೆ ಕಾಲೇಜೇ ಹೊಸದು. ಚರಿತ್ರೆಯ ಪಾಠ ಮಾಡುತ್ತಿದ್ದ ತೀರ್ಥಹಳ್ಳಿ ಕಡೆಯ ಮುಕುಂದಯ್ಯನವರು ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಶುಕ್ರವಾರ ಮಧ್ಯಾಹ್ನ ಒಂದು ಪೀರಿಯಡ್ಡು ಗಿಟ್ಟಿಸಿಕೊಂಡಿದ್ದರು. ಮೊದಲ ದಿನವೇ ಹೇಳಿದರು: "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಗಾದೆ ಇದೆ. ಕಿನ್ನರಿ ಬಾರಿಸುವವರು ನಾಡಿನಲ್ಲಿ ಬೇಕಾದಷ್ಟಿದ್ದಾರೆ. ನಾನು ಕೋಣಗಳನ್ನು ತಿದ್ದಲು ಬಂದವನು." ಅಂದಿನಿಂದ ಅದಕ್ಕೆ ಕೋಣಗಳ ಕ್ಲಾಸು ಎಂದೇ ಹೆಸರಾಯಿತು.

ಜೋಗದಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿಂದಲೇ ಊರೂರಿಗೆ ಹೋಗುತ್ತಿತ್ತು, ಆ ಕೊಠಡಿಗೆ ಮಾತ್ರ ಇಳಿದಿರಲಿಲ್ಲ. ಹಾಗಾಗಿ ಮುಕುಂದಯ್ಯನವರು ಮನೆಯಿಂದ ಕೀಲಿ ಕೊಡುವ ಗ್ರಾಮಾಫೋನು ಹೊರಿಸಿಕೊಂಡು ಬರುತ್ತಿದ್ದರು. ಕೀಲಿ ಇಳಿಯುತ್ತಾ ಬಂದರೆ ಎಂಥ ದೊಡ್ಡ ಗಾಯಕರೂ ಜ್ವರ ಬಂದವರ ಹಾಗೆ ನರಳುತ್ತಿದ್ದರು. ನಾವು ಅದನ್ನೂ ರಾಗದ ಒಂದು ಭಾಗವೆಂದು ತಿಳಿದು ತಲೆದೂಗುತ್ತಿದ್ದೆವು. ಅವರು ಬಿಡುತ್ತಿರಲಿಲ್ಲ. ಯಾಕೆ ತೂಗಿದೆ, ಹೇಳು ಎನ್ನುತ್ತಿದ್ದರು. ಹೇಳಲಾಗದಿದ್ದರೆ ತಲೆ ನೆಟ್ಟಗಿರಬೇಕು. ಗಾಯಕ ಎಲ್ಲಿ ಉಸಿರು ತೆಗೆದುಕೊಂಡ, ಎಲ್ಲಿ ಶ್ರುತಿಗೆ ಸರಿಯಾಗಿ ಕೂತ, ಎಲ್ಲಿ ಬರೀ ಕೂಗಿದ, ಇದನ್ನೆಲ್ಲ ತೊಡೆಯ ಮೇಲೆ ತಾಳ ಹಾಕುತ್ತಾ ಗಮನಿಸಬೇಕು. ಕೇಳಿದ್ದನ್ನು ಹೇಳಬೇಕೇ ಹೊರತು ಮೆಚ್ಚಿಸಲಿಕ್ಕೆ ಹೇಳಬಾರದು. ಇಷ್ಟೇ ಅವರ ಶಾಸ್ತ್ರ. ಬಾಯಿಗಿಲ್ಲದ ಚುರುಕು ನನ್ನ ಕಿವಿಗಿತ್ತು. ಆ ಒಂದು ಗಂಟೆಯಲ್ಲಿ ನನಗಾಗುತ್ತಿದ್ದ ಸಂತೋಷ ವಾರದ ಬೇರೆ ಯಾವ ಹೊತ್ತಿನಲ್ಲೂ ಆಗುತ್ತಿರಲಿಲ್ಲ.

ನಮ್ಮವ್ವ ಹಾಲಮ್ಮನಿಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. ಕೇಳುವುದನ್ನು ಕಲಿಸಲಿಕ್ಕೆ ಒಬ್ಬ ಮೇಷ್ಟ್ರು ಇರುತ್ತಾರೆ ಎಂದರೆ ಅವಳು ನಂಬಲಿಲ್ಲ. ಮಗಳು ಸಂಗೀತ ಕಲಿಯುತ್ತಿದ್ದಾಳೆ, ನಾಚಿಕೆಗೆ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಳು. ಹಾಗೆಂದು ಬಾವಿಕಟ್ಟೆಯಲ್ಲಿ ಹೇಳಿದಳು. ಸುದ್ದಿ ಸಂತೆ ಮುಟ್ಟುವಾಗ ಅದಕ್ಕೆ ಹಾರ್ಮೋನಿಯಂ ಸೇರಿಕೊಂಡಿತು. ಅದೇ ಸುದ್ದಿ ಬಸ್ಸು ಹತ್ತಿ ಹೊಸನಗರದಲ್ಲಿ ಇಳಿಯುವ ಹೊತ್ತಿಗೆ ನಾನು ಕಛೇರಿ ಕೊಡುತ್ತಿದ್ದೆ.

ಹೊಸನಗರದ ಭೂತಪ್ಪನವರು ಅಲ್ಲಿಯ ಭಜನೆಗೆ ಮುಂದಾಳು. ಅವರ ಮಗ ನಾಗರಾಜಪ್ಪ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಓವರ್ಸಿಯರ್. ಹಾಡುವ ಸೊಸೆಯೇ ಬೇಕೆಂದು ಹಟ ಹಿಡಿದಿದ್ದ ಭೂತಪ್ಪನವರು ಸುದ್ದಿ ಕಿವಿಗೆ ಬಿದ್ದದ್ದೇ ನನ್ನನ್ನು ಕೇಳಿ ಕಳಿಸಿದರು. ಮಗ ಮಾತ್ರ ಹುಡುಗಿ ಬಿ.ಎ. ಮುಗಿಸಲಿ, ಮದುವೆಗೆ ಅವಸರವಿಲ್ಲ ಎಂದು ಹೇಳಿ ಕಳಿಸಿದ್ದ. ನನಗೆ ಬೇಕಾಗಿದ್ದದ್ದು ಅದೊಂದೇ. ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ನಮ್ಮಪ್ಪ ಧರ್ಮಪ್ಪ ಒಂದು ಗೆರೆ ಎಳೆದುಬಿಟ್ಟಿದ್ದ. ಈ ಸಂಬಂಧ ತಪ್ಪಿದರೆ ತೀರ್ಥಹಳ್ಳಿಯ ಗಂಡಿಗೆ ಬರುವ ವೈಶಾಖದಲ್ಲೇ ಮದುವೆ. ಆ ಮನೆಯವರು, ಸೊಸೆ ಪುಸ್ತಕ ಹೊತ್ತುಕೊಂಡು ಬರುವುದು ಬೇಡ ಎಂದು ಮೊದಲೇ ತಿಳಿಸಿದ್ದರು.

ಹೆಣ್ಣು ನೋಡುವ ದಿನ ಕೇಸರಿಬಾತು, ಉಪ್ಪಿಟ್ಟಿನ ಜೊತೆಗೆ ಅವ್ವ ಒಂದು ಹಾರ್ಮೋನಿಯಮ್ಮನ್ನೂ ತಯಾರಿಟ್ಟಿದ್ದಳು. ವರದಹಳ್ಳಿಯ ಆಶ್ರಮಕ್ಕೆ ಹೋಗಿಬರುವ ಭಜನೆಯವರಿಂದ ಕೇಳಿ ತಂದಿದ್ದಳಂತೆ. ಜಮಖಾನೆಯ ಮೇಲೆ ನನ್ನನ್ನು ಕೂರಿಸಿ ಅದನ್ನು ಎದುರಿಗೆ ತಳ್ಳಿದಳು. ಭೂತಪ್ಪನವರು ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿಯೇಬಿಟ್ಟರು. ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ನನಗೆ ಹಾಡೋಕೆ ಬರಲ್ಲ" ಎಂದೆ. "ಕೇಳೋಕೆ ಬರ್ತದೆ."

ಭೂತಪ್ಪನವರು ಕಣ್ಣು ತೆರೆದರು. ಅವರ ಹೆಂಡತಿ ಯಮುನಮ್ಮ, ಅದುವರೆಗೂ ಮಾತೇ ಆಡದೆ ಬಾಗಿಲ ಬಳಿ ಕೂತಿದ್ದವರು, ಕೇಳೋಕೂ ಕಾಲೇಜಿಗೆ ಹೋಗ್ಬೇಕಾ, ಕಿವಿ ದೇವ್ರು ಕೊಟ್ಟಿಲ್ವಾ ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. ನಾನು ಕೋಣಗಳ ಕ್ಲಾಸಿನ ಕಥೆ ಹೇಳಿದೆ. ನಾಗರಾಜಪ್ಪ ತಲೆ ಬಗ್ಗಿಸಿಕೊಂಡು ನಕ್ಕದ್ದು ಕಾಣಿಸಿತು. ಅವನ ತಂದೆ ನಗಲಿಲ್ಲ. ಹಾಗಾದರೆ ನಾನು ಹಾಡುತ್ತೇನೆ, ನೀನು ಏನು ಕೇಳಿದೆ ಅಂತ ಹೇಳು, ನೋಡೋಣ ಎಂದು ಹಾರ್ಮೋನಿಯಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅವರು ಹಾಡಲು ಶುರುಮಾಡಿದ ಕೂಡಲೇ ಮಗ ಕಿಟಕಿಯಾಚೆ ನೋಡತೊಡಗಿದ. ಯಮುನಮ್ಮ ನೀರು ತರುತ್ತೇನೆಂದು ಎದ್ದು ಒಳಗೆ ಹೋದರು. ಇದು ಅವರ ಮನೆಯ ನಿತ್ಯದ ಪದ್ಧತಿಯೆಂದು ಯಾರಿಗಾದರೂ ತಿಳಿಯುತ್ತಿತ್ತು. ಮೂರು ಚರಣದ ದೇವರ ಹಾಡು. ನಾನು ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದೆ. ಮುಗಿದಾಗ, ಸಂಗೀತದ ಗಂಧವೇ ಇಲ್ಲದ ನಮ್ಮಪ್ಪ, ಆಹಾ, ಸರಸ್ವತಿಯೇ ಬಂದು ಕೂತ ಹಾಗಾಯ್ತು ಎಂದ. ಅವ್ವನೂ ಹೂಂಗುಟ್ಟಿದಳು.

"ನೀನು ಹೇಳು ತಂಗಿ" ಎಂದರು ಭೂತಪ್ಪನವರು.

ಅಪ್ಪ ಅವರ ಬೆನ್ನ ಹಿಂದಿನಿಂದ ನನಗೆ ಕಣ್ಣು ಮಾಡಿದ. ಆ ಕಣ್ಣಿನಲ್ಲಿ ಇಡೀ ತೀರ್ಥಹಳ್ಳಿ ಕಾಣಿಸಿತು. ಸರಸ್ವತಿಯ ಜೊತೆಗೆ ಒಬ್ಬ ಗಂಧರ್ವನನ್ನೂ ಸೇರಿಸಿ ಹೇಳಿದ್ದರೆ ನನ್ನ ಬಿ.ಎ. ಮುಗಿಯುತ್ತಿತ್ತು. ಹೇಳಬೇಕೆಂದು ಬಾಯಿಯನ್ನೂ ತೆರೆದೆ. ಆದರೆ ಆ ಮಧ್ಯದ ಚರಣ ಕಿವಿಯಿಂದ ಹೋಗಿರಲಿಲ್ಲ. ಅದನ್ನು ಉಳಿದ ಕೂಗಾಟದ ಜೊತೆ ಸೇರಿಸಿ ಹೊಗಳುವುದು ನನ್ನಿಂದಾಗಲಿಲ್ಲ.

"ಮೊದಲನೇ ಚರಣ ನಡ್ಕೊಂಡು ಹೋಯ್ತು, ಮೂರನೇದು ಆಗುಂಬೆ ಘಾಟಿ ಇಳಿಯೋ ಬಸ್ಸಾಯ್ತು" ಎಂದೆ. "ಮೇಲಿನ ಸ್ವರ ನಿಮಗೆ ಸಿಗ್ಲಿಲ್ಲ. ಕೂಗಿ ಮುಚ್ಚಿದ್ರಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಗೋಡೆಗೆ ಒರಗಿದ. ಆದದ್ದು ಆಗಲಿ, ಅರ್ಧ ಹೇಳಿ ನಿಲ್ಲಿಸುವುದು ಇನ್ನೂ ಅನ್ಯಾಯವೆಂದು ಮುಂದುವರಿಸಿದೆ.

"ನಡುವಿನ ಚರಣ ಮಾತ್ರ ಬೇರೆ. ಅದು ನಿಮ್ಮ ಧಾಟಿ ಅಲ್ಲ. ಅಲ್ಲಿ ದನಿ ತಗ್ಗಿಸಿದ್ರಿ, ಸಣ್ಣಸಣ್ಣ ಉಸಿರು ತಗೊಂಡ್ರಿ, ತಾಳ ತೊಟ್ಟಿಲಿನ ಹಾಗೆ ತೂಗ್ತು. ಮಗು ಎಚ್ಚರ ಆಗ್ಬಾರ್ದು ಅಂತ ಹಾಡೋರ ಧಾಟಿ ಅದು. ಯಾರದ್ದೋ ಕೇಳಿ ಕಲ್ತಿದ್ದೀರಿ. ಅವ್ರು ಯಾರೋ, ಬಹಳ ಚೆನ್ನಾಗಿ ಹಾಡ್ತಾರೆ. ಅಲ್ಲಿ ನನ್ನ ಕಣ್ಣು ತುಂಬಿತು."

ಕಿಟಕಿಯಾಚೆ ನೋಡುತ್ತಿದ್ದ ನಾಗರಾಜಪ್ಪ ತಿರುಗಿ ಕೂತಿದ್ದ.

"ಅದು ನಮ್ಮವ್ವ ಹಾಡ್ತಿದ್ದದ್ದು" ಎಂದ.

ಭೂತಪ್ಪನವರು ಬಾಗಿಲ ಕಡೆ ನೋಡಿದರು. ಯಮುನಮ್ಮ ನೀರಿನ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಮದುವೆಯಾದ ಹೊಸದರಲ್ಲಿ ಅವರ ಅತ್ತೆ, ಒಂದು ಮನೆಗೆ ಹಾಡುವವರು ಒಬ್ಬರು ಸಾಕು ಎಂದಿದ್ದರಂತೆ. ಆಮೇಲೆ ತೊಟ್ಟಿಲಿನ ಹತ್ತಿರ ಬಿಟ್ಟರೆ ಅವರು ಬಾಯಿ ಬಿಟ್ಟದ್ದಿಲ್ಲ. ತೊಟ್ಟಿಲು ಅಟ್ಟ ಸೇರಿದ ಮೇಲೆ ಅದೂ ಇಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಮುಂದೆ. ಆಗ ಕಂಡದ್ದು ಇಷ್ಟೇ: ತಂಬಿಗೆಯ ನೀರು ತುಳುಕಿ ಅವರ ಕಾಲಿನ ಮೇಲೆ ಬೀಳುತ್ತಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ನಿಂದೇ ಅದು" ಎಂದರು ಭೂತಪ್ಪನವರು ಹೆಂಡತಿಗೆ. ದನಿ ತೀರಾ ಸಣ್ಣದಾಗಿತ್ತು. "ನಾನು ನಂದು ಅಂದ್ಕೊಂಡಿದ್ದೆ."

ಹಾರ್ಮೋನಿಯಮ್ಮಿನ ಗಾಳಿ ಬಿಟ್ಟು ಮುಚ್ಚಿದರು. ಇನ್ನು ಎದ್ದು ಹೊರಡುತ್ತಾರೆ ಎಂದುಕೊಂಡು ಅಪ್ಪ ಅವರ ಕೊಡೆಯನ್ನು ಕೈಗೆ ತೆಗೆದುಕೊಂಡಿದ್ದ. ಆದರೆ ಅವರು ನನ್ನ ಕಡೆಗೆ ತಿರುಗಿದರು.

"ಇಷ್ಟು ವಯಸ್ಸಾದ ಕೋಣನ್ನ ನಿಮ್ಮ ಮೇಷ್ಟ್ರು ಸೇರಿಸ್ಕೊಳ್ತಾರಾ?"

ಯಮುನಮ್ಮ ತಂಬಿಗೆ ಕೆಳಗಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. ಹುಡುಗಿ ಬಿ.ಎ. ಮುಗಿಸಿಯೇ ನಮ್ಮನೆಗೆ ಬರಬೇಕು, ಅರ್ಧಕ್ಕೆ ಬಿಡಿಸಿದರೆ ನಾನು ಒಪ್ಪುವುದಿಲ್ಲ ಎಂದು ನಮ್ಮಪ್ಪನಿಗೇ ತಾಕೀತು ಮಾಡಿದರು. ಅಪ್ಪ ಕೊಡೆಯನ್ನು ಮೊದಲಿದ್ದಲ್ಲೇ ಇಟ್ಟ.

ಭೂತಪ್ಪನವರು ಮಾತಿಗೆ ತಪ್ಪಲಿಲ್ಲ. ಒಂದು ಶುಕ್ರವಾರ ಬಸ್ಸು ಹತ್ತಿ ಬಂದು, ಕೋಟು ರುಮಾಲಿನ ಸಮೇತ ಹಿಂದಿನ ಬೆಂಚಿನಲ್ಲಿ ಕೂತರು. ಕೀಲಿ ಇಳಿದು ಗಾಯಕರು ನರಳತೊಡಗಿದಾಗ ಇಡೀ ಕ್ಲಾಸು ತಲೆದೂಗಿತು. ಅವರೊಬ್ಬರೇ ಕೈ ಎತ್ತಿ, ಇವರಿಗೂ ನನ್ನ ಹಾಗೇ ಸ್ವರ ಸಿಗುತ್ತಿಲ್ಲ ಎಂದರು. ಮುಕುಂದಯ್ಯನವರು ಆ ವರ್ಷ ಮೆಚ್ಚಿದ ಉತ್ತರ ಅದೊಂದೇ.

ಬಿ.ಎ. ಮುಗಿಸಿಯೇ ನಾನು ಹೊಸನಗರಕ್ಕೆ ಹೋದೆ. ಆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಹಾಡುತ್ತಿದ್ದರು. ಮಾವ ಪಕ್ಕದಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಆ ತಾಳ ಆಗಲೂ ಘಾಟಿ ಇಳಿಯುತ್ತಿತ್ತು, ನಾನು ಮುಲಾಜಿಲ್ಲದೆ ಹೇಳುತ್ತಿದ್ದೆ. ಆದರೆ ಅತ್ತೆಯ ಹಾಡು ಮುಗಿಯುವವರೆಗೆ ಅವರು ಒಂದು ದಿನವೂ ಬಾಯಿ ತೆರೆಯಲಿಲ್ಲ.