ಸರೋವರದ ಮನೆಯ ಕಾಯಂ ನಿವಾಸಿ

ಸರೋವರದ ದಡದಲ್ಲೊಂದು ಮನೆ. ಎರಡು ಮಹಡಿ, ಹೆಂಚಿನ ಟೋಪಿ, ನೀರಿನತ್ತ ಬಾಯ್ತೆರೆದ ಬಾಲ್ಕನಿ. ಅಜ್ಜಿಯ ಕಥೆಯಲ್ಲಾಗಿದ್ದರೆ ಇಂಥ ಮನೆಯಲ್ಲಿ ಒಬ್ಬ ರಾಕ್ಷಸನಾದರೂ ಸಂಸಾರ ಹೂಡಿರುತ್ತಿದ್ದ. ಇಲ್ಲಿ ರಾಕ್ಷಸನಿಗೂ ಜಾಗವಿರಲಿಲ್ಲ. ಬೇಸಿಗೆಯಲ್ಲಿ ಒಡೆಯ ಬಂದು, ಬಾಲ್ಕನಿಯಲ್ಲಿ ಎದೆಯುಬ್ಬಿಸಿ ನಿಂತು, ಫೋಟೋ ತೆಗೆಸಿಕೊಂಡು, ಬೀಗ ಜಡಿದು ಹೋದರೆ ಮುಗಿಯಿತು. ಮಿಕ್ಕ ಕಾಲವೆಲ್ಲ ಜೇಡಗಳದ್ದೇ ದರ್ಬಾರು.

ಆ ಒಡೆಯನೇ ಸೂಜಿಯ ಅಣ್ಣ. ಸೂಜಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಬಟ್ಟೆ ಹೊಲಿಯುತ್ತಾಳೆಂದು ಅರ್ಧ, ನಾಲಿಗೆ ಚುಚ್ಚುತ್ತದೆಂದು ಅರ್ಧ. ಮದುವೆಯಾಗದೆ ಅಣ್ಣನ ಪಟ್ಟಣದ ಮನೆಯಲ್ಲೇ ಉಳಿದವಳು. ಉಗ್ರಾಣದ ಪಕ್ಕದ ಓಣಿಯಂಥ ಜಾಗದಲ್ಲಿ, ಇಸ್ತ್ರಿಮೇಜಿಗೂ ಹಳೇ ಸೈಕಲ್ಲಿಗೂ ನಡುವೆ ಅವಳ ಮಂಚ, ಅವಳ ಹೊಲಿಗೆ ಯಂತ್ರ. ಬಾಗಿಲಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಹಾದುಹೋಗಬಹುದು. ತನಗೆಂದು ಒಂದು ಕೋಣೆ, ಅದಕ್ಕೊಂದು ಒಳಚಿಲಕ, ಇಷ್ಟೇ ಅವಳ ಆಸೆ. ಸರೋವರದ ಮನೆಯಲ್ಲಿ ಹೋಗಿ ಇರಲೇ ಎಂದು ಒಮ್ಮೆ ಬಾಯಿಬಿಟ್ಟು ಕೇಳಿಯೂ ಇದ್ದಳು.

"ಅದು ಇರೋದಕ್ಕೆ ಕಟ್ಟಿಸಿದ ಮನೆ ಅಲ್ಲ ಕಣೇ," ಎಂದಿದ್ದ ಅಣ್ಣ. "ಅದರ ಲೆವೆಲ್ಲೇ ಬೇರೆ."

ಲೆವೆಲ್ಲೇನೋ ಬೇರೆ, ವಿಮೆಯ ಕಂತು ಕಟ್ಟುವಾಗ ಮಾತ್ರ ಮಹಾಶಯ ಪೈಸೆ ಪೈಸೆ ಎಣಿಸುತ್ತಿದ್ದ. ಖಾಲಿ ಬಿದ್ದಿರುವ ಮನೆಗೆ ಕಂತು ಜಾಸ್ತಿ. ಕಳ್ಳ ನುಗ್ಗಿದರೆ, ನೀರಿನ ಪೈಪು ಒಡೆದರೆ ನೋಡುವವರು ಯಾರು? ಅದಕ್ಕೇ ಅವನು, 'ನನ್ನ ತಂಗಿ ವರ್ಷವಿಡೀ ಅಲ್ಲೇ ವಾಸವಾಗಿದ್ದಾಳೆ' ಎಂದು ಕಂಪನಿಯವರ ಕಿವಿಗೆ ಹೂವಿಟ್ಟು ಕಂತು ಇಳಿಸಿಕೊಂಡಿದ್ದ. ಹೊಸ್ತಿಲನ್ನೇ ತುಳಿಸದೆ ತಂಗಿಯನ್ನು ಆ ಮನೆಯಲ್ಲಿ ನೆಲೆಗೊಳಿಸಿದ ಮಹಾಜಾಣ!

ಈ ಸಲ ಅದೇ ದಡದ ಇನ್ನೊಂದು ಖಾಲಿ ಮನೆ ಸುಟ್ಟು ಕರಕಲಾಯಿತು. ಕಂಪನಿ ಎಚ್ಚೆತ್ತಿತು. ಪಾಲಿಸಿ ಮುಂದುವರಿಸುವ ಮೊದಲು ಸರ್ವೇಯರ್ ಬಂದು ನೋಡುತ್ತಾರೆಂದು ಫೋನ್ ಬಂತು.

ಅಣ್ಣ ಓಣಿಗೆ ಬಂದು ಮಂಚದ ತುದಿಯಲ್ಲಿ ಕೂತ. "ಪುಟ್ಟೀ..."

ಪುಟ್ಟಿ! ಹಲ್ಲು ಬೀಳುತ್ತಿದ್ದ ಕಾಲದ ಹೆಸರು. ಸೂಜಿ ಹೊಲಿಗೆ ನಿಲ್ಲಿಸಿದಳು. "ಏನಾಗಬೇಕಿತ್ತು?"

"ಒಂದು ದಿನ ಆ ಮನೇಲಿ ಇದ್ದಂಗೆ ಮಾಡಿಬಿಡು. ಸರ್ವೇಯರ್ ಹೋದ ಕೂಡ್ಲೇ ವಾಪಸ್ ಕರ್ಕೊಂಡ್ ಬರ್ತೀನಿ."

"ಪಾತ್ರ ಯಾವುದು? ರಾಣೀದೋ, ದಾಸೀದೋ?"

"ತಮಾಷೆ ಸಾಕು, ಹೊರಡು."

ಮಂಚ, ಯಂತ್ರ, ಬಟ್ಟೆಬರೆ ಎಲ್ಲವೂ ಟೆಂಪೋ ಹತ್ತಿದವು. ಅಲ್ಲಿ ಶುರುವಾಯಿತು ನೋಡಿ, ಮನೆಗೆ ಜೀವ ಬರಿಸುವ ಕೆಲಸ. ಅಣ್ಣ ಮೇಜಿನ ಮೇಲೆ ಬ್ರೆಡ್ಡಿನ ಚೂರು ಉದುರಿಸಿದ. ಅತ್ತಿಗೆ ಹಿಂದಿನಿಂದ ಬಂದು ಒರೆಸಿದಳು. ಅವನು ಪಾತ್ರೆಗಳಿಗೆ ಎಂಜಲು ಮೆತ್ತಿದ. ಅವಳು ತೊಳೆದು ಬೋರಲು ಹಾಕಿದಳು.

"ಏನೇ ನೀನು! ಜನ ಇರೋ ಮನೆ ಥರ ಕಾಣಬೇಕು!"

"ಕಾಣಲಿ ರೀ, ಕೊಳಕು ಜನ ಅಂತ ಯಾಕೆ ಕಾಣಬೇಕು? ನನ್ನ ಮಾನ ಹೋಗಲ್ವಾ?"

ಒಂದು ವಿಷಯದಲ್ಲಿ ಮಾತ್ರ ಗಂಡಹೆಂಡಿರು ಒಮ್ಮತದಿಂದಿದ್ದರು. ಸೋಫಾಗಳಿಗೆ ಅಂಗಡಿಯಿಂದಲೇ ಬಂದಿದ್ದ ಪ್ಲಾಸ್ಟಿಕ್ ಹೊದಿಕೆ ತೆಗೆಯಲು ಇಬ್ಬರಿಗೂ ಕರುಳು ಕಿತ್ತುಬಂತು.

ಬಂದ ಸರ್ವೇಯರ್ ಹೆಂಗಸಿಗೆ ವಿಪರೀತ ನೆಗಡಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಸೋಫಾದಲ್ಲಿ ಕೂತರು. ಪ್ಲಾಸ್ಟಿಕ್ಕು ಪರಪರ ಅಂದಿತು.

"ವರ್ಷವಿಡೀ ಇದರ ಮೇಲೇ ಕೂರ್ತೀರಾ?"

ಅಣ್ಣನ ಮುಖ ಹರಳೆಣ್ಣೆ ಕುಡಿದಂತಾಯಿತು. ಸೂಜಿಯೇ ಹೇಳಿದಳು: "ಕೂರೋಕೆ ಬಿಟ್ರೆ ತಾನೇ ಮೇಡಂ! ಅದು ಸೋಫಾ ಅಲ್ಲ, ಅಣ್ಣನ ಮುದ್ದಿನ ಮಗು. ನಾನು ನಿಂತೇ ಇರ್ತೀನಿ."

ಸರ್ವೇಯರ್ ನಕ್ಕು, ಸೀನಿ, ಮಹಡಿ ಹತ್ತಿದರು. ದೊಡ್ಡ ಕೋಣೆಯ ಕಿಟಕಿಯ ಬಳಿ ಯಂತ್ರದಲ್ಲಿ ಅರ್ಧ ಹೊಲಿದ ತೋಳೊಂದು ಸಿಕ್ಕಿಕೊಂಡಿತ್ತು. ಕಾದು ಕಾದು ಬೇಜಾರಾಗಿ ಸೂಜಿ ಬೆಳಿಗ್ಗೆಯೇ ಕೆಲಸಕ್ಕೆ ಕೂತಿದ್ದಳು.

"ಇಲ್ಲೇ ಕೂತು ಹೊಲಿತೀರಾ?"

"ಹೂಂ. ಬೆಳಕು ಚೆನ್ನಾಗಿದೆ."

ನಾಟಕಕ್ಕೆಂದು ಆಡಿದ ಮಾತಲ್ಲ ಅದು. ನೀರಿನ ಮೇಲಿಂದ ಎದ್ದುಬಂದ ಬೆಳಕು ಬಟ್ಟೆಯ ಮೇಲೆ ಹರಡಿ ಕೂತಿತ್ತು. ಕನ್ನಡಕ ಹುಡುಕದೆ ದಾರ ಪೋಣಿಸಿದ್ದಳು ಅವಳು. ಹಿಂದೆ ಯಾರೂ ಹಾದುಹೋಗಿರಲಿಲ್ಲ. ಎದೆಯೊಳಗೆ ಏನೋ ಗಟ್ಟಿಯಾಗಿ ಕಾಲೂರಿ ನಿಂತಿತು.

ಅಣ್ಣನಿಗೆ ಈಗ ಹುರುಪು ಬಂತು. "ಇವಳಿಗೆ ಈ ಮನೆ ಅಂದ್ರೆ ಪ್ರಾಣ ಮೇಡಂ! ಎಷ್ಟು ಕರೆದ್ರೂ ಪಟ್ಟಣಕ್ಕೆ ಬರಲ್ಲ. ನಾವೇ ಇವಳನ್ನ ಕೇಳಿಕೊಂಡು ಬರಬೇಕು ಅಂದ್ರೆ ನೋಡಿ!"

"ಒಳ್ಳೇದಾಯ್ತು. ಹಾಗೇ ವರದಿ ಕೊಡ್ತೀನಿ. ಆದ್ರೆ ಇನ್ಮೇಲೆ ನಾವು ಹೇಳದೆ ಕೇಳದೆ ಬರ್ತಿರ್ತೀವಿ. ಇವರು ಇಲ್ಲಿ ವಾಸ ಇಲ್ಲ ಅಂತ ಗೊತ್ತಾದ್ರೆ ವಿಮೆ ರದ್ದು. ಆಮೇಲೆ ಮನೆ ಸುಟ್ಟು ಬೂದಿಯಾದ್ರೂ ಚಿಕ್ಕಾಸು ಸಿಗಲ್ಲ."

"ಬನ್ನಿ ಬನ್ನಿ, ಧಾರಾಳವಾಗಿ ಬನ್ನಿ!"

ಸರ್ವೇಯರ್ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಅಣ್ಣ ಕೈ ಕೊಡವಿದ. "ಅಬ್ಬಾ, ಮುಗೀತು! ಸೂಜಿ, ಸಾಮಾನು ಕಟ್ಟು." ಪುಟ್ಟಿ ಅಷ್ಟರಲ್ಲೇ ತೀರಿಕೊಂಡಿದ್ದಳು.

"ಯಾಕೆ?"

"ಮನೆಗೆ ಹೋಗಬೇಡ್ವಾ?"

"ಮನೇಲೇ ಇದೀನಲ್ಲ. ನೀನೇ ಈಗ ಹೇಳಿದೆ, ಎಷ್ಟು ಕರೆದ್ರೂ ಬರಲ್ಲ ಅಂತ. ಕರಿ ನೋಡೋಣ."

ಮೊದಲು ಅರ್ಥವಾದದ್ದು ಅತ್ತಿಗೆಗೆ. "ಅಯ್ಯೋ, ನಾಳೆಯಿಂದ ಅಡುಗೆ ಯಾರು ಮಾಡ್ತಾರೆ?"

"ಅಣ್ಣನಿಗೆ ನಟನೆ ಚೆನ್ನಾಗಿ ಬರುತ್ತೆ ಅತ್ತಿಗೆ. ಅವನು ಅಡುಗೆ ಮಾಡಿದಂಗೆ ಮಾಡಲಿ, ನೀವು ಉಂಡಂಗೆ ಮಾಡಿ."

"ಏಯ್! ಈಗಲೇ ಆ ಹೆಂಗಸಿಗೆ ಫೋನ್ ಮಾಡಿ ನಿಜ ಹೇಳ್ತೀನಿ!" ಅಣ್ಣ ಬುಸುಗುಟ್ಟಿದ.

"ಹೇಳು. ಇಷ್ಟು ವರ್ಷ ಕಂತು ಉಳಿಸಿದ ಕಥೇನೂ ಸೇರಿಸಿ ಹೇಳು. ಚೆನ್ನಾಗಿರುತ್ತೆ."

ಜೇಬಿನಿಂದ ಹೊರಟಿದ್ದ ಫೋನು ಜೇಬಿಗೇ ಇಳಿಯಿತು. ಹೆಂಡತಿಯ ಮುಖ ನೋಡಿದ, ಸರೋವರ ನೋಡಿದ, ಕೊನೆಗೆ ನೆಲ ನೋಡಿದ. ಸೂಜಿ ಕೈ ಚಾಚಿದಳು. ಗೊಂಚಲಿನಿಂದ ಮನೆಯ ಕೀ ಬಿಡಿಸುವಷ್ಟರಲ್ಲಿ ಅವನ ಉಗುರು ಮುರಿಯಿತು.

ಸಿಟ್ಟಿನಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ಗೀರಿತು. ಸೂಜಿ ಬಾಲ್ಕನಿಯಿಂದ ಬಗ್ಗಿ ಕೂಗಿದಳು:

"ಮೆಲ್ಲಗೆ ಅಣ್ಣಾ! ಜನ ಇರೋ ಮನೆ ಗೇಟು ಅದು!"