ನೀರಿಲ್ಲದ ಆರು ದಿನ

ದೊಡ್ಡಕ್ಕನಿಗೆ ಆ ಕೆಲಸ ಕೊಡಿಸಿದ್ದು ಅವಳ ತಮ್ಮ, ಅದೂ ಅವಳ ಮೂಗನ್ನು ಹೊಗಳಿ.

ತಮ್ಮ ಐದಂತಸ್ತಿನ ಒಂದು ಹಳೆಯ ಕಟ್ಟಡದ ಮೇಲ್ವಿಚಾರಕ. ಬೆಂಕಿ ಬಿದ್ದರೆ ಚಾವಣಿಯಿಂದ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಎತ್ತರದ ಕಟ್ಟಡಗಳಲ್ಲೆಲ್ಲ ಇರಲೇಬೇಕೆಂದು ನಗರಸಭೆ ಕಾಯಿದೆ ಮಾಡಿ ವರ್ಷವಾಗಿತ್ತು. ಯಜಮಾನರು ಇವತ್ತು ನಾಳೆ ಎಂದು ಎಳೆದಾಡಿ, ಗಡುವಿಗೆ ಹದಿನೈದು ದಿನ ಉಳಿದಾಗ ಎದ್ದೆನೋ ಬಿದ್ದೆನೋ ಎಂದು ಪೈಪಿನವರನ್ನು ಕರೆಸಿದರು. ಹೊಸ ಪೈಪು ಜೋಡಿಸಿ ಮುಗಿಸುವವರೆಗೆ, ಒಟ್ಟು ಆರು ದಿನ, ಬೆಂಕಿಗೆಂದೇ ಇಟ್ಟಿದ್ದ ಹಳೆಯ ತೊಟ್ಟಿಯನ್ನೂ ಬರಿದು ಮಾಡಬೇಕಿತ್ತು. ಅಷ್ಟು ದಿನವೂ, ಜನರಿರುವ ಹೊತ್ತೆಲ್ಲ, ಒಬ್ಬರು ಅರ್ಧ ಗಂಟೆಗೊಮ್ಮೆ ಎಲ್ಲ ಮಹಡಿ ಸುತ್ತಿ ಕಾವಲು ಕಾಯಬೇಕು. ಅದೂ ಕಾಯಿದೆಯಲ್ಲೇ ಇತ್ತು.

"ನಮ್ಮ ದೊಡ್ಡಕ್ಕನಿಗಿಂತ ಬೇಕಾ?" ಎಂದ ತಮ್ಮ, ಅಗ್ನಿಶಾಮಕ ಕಚೇರಿಯ ಇನ್‌ಸ್ಪೆಕ್ಟರಮ್ಮನ ಎದುರು. "ಕಾಲೇಜಲ್ಲಿ ನಾನು ಕದ್ದು ಸಿಗರೇಟು ಸೇದಿದ್ರೆ ಮನೆ ಗೇಟಿನ ಹತ್ರಾನೇ ಹಿಡೀತಿದ್ಲು. ಅದು ಮೂಗಲ್ಲ ಮೇಡಂ, ಪೊಲೀಸ್ ನಾಯಿ!"

ದೊಡ್ಡಕ್ಕ ನಕ್ಕಳು. ಐದು ತಿಂಗಳ ಹಿಂದೆ ಬಂದಿದ್ದ ಜ್ವರ ಹೋಗುವಾಗ ಅವಳ ಮೂಗಿನ ಶಕ್ತಿಯನ್ನೂ ಗಂಟುಕಟ್ಟಿಕೊಂಡು ಹೋಗಿತ್ತು. ಹೂವೂ ಒಂದೇ, ಸೀಮೆಎಣ್ಣೆಯೂ ಒಂದೇ. ಈ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲಿದ್ದಳು, ಅಡುಗೆಮನೆ ಅವಳ ಕೈಯಲ್ಲಿತ್ತು. ಸೀದದ್ದು ತಿಳಿಯದವಳ ಕೈಗೆ ಯಾರು ಒಲೆ ಕೊಡುತ್ತಾರೆ? ಒಲೆಯೂ ಹೋದರೆ ಆ ಮನೆಯಲ್ಲಿ ತಾನು ಯಾವ ಲೆಕ್ಕಕ್ಕೆ?

"ಕಣ್ಣಿಂದ ನೋಡಿ, ಮೂಗಿಂದ ನೋಡಿ, ಬಾಗಿಲಿಗೆ ಅಂಗೈ ಹಿಂಭಾಗ ಇಟ್ಟು ನೋಡಿ," ಎಂದರು ಇನ್‌ಸ್ಪೆಕ್ಟರಮ್ಮ. "ಅನುಮಾನ ಬಂತೋ, ಈ ಗಾಜು ಒಡೀರಿ, ಗಂಟೆ ಹೊಡೆಯುತ್ತೆ. ಯಾರನ್ನೂ ಕೇಳೋಕೆ ಹೋಗ್ಬೇಡಿ. ಆಗುತ್ತಲ್ವಾ?"

ಆಗಲ್ಲ ಎನ್ನಲು ಬಾಯಿ ತೆರೆದಳು. ತಮ್ಮನ ಮುಖ ಕಂಡಿತು. "ಆಗುತ್ತೆ ಮೇಡಂ," ಎಂದಳು.

ಕೆಳಗೆ ದಿಂಬು ಹಾಸಿಗೆಯ ಅಂಗಡಿ. ಮೊದಲ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಎರಡರಲ್ಲಿ ಪುಸ್ತಕ ಕಟ್ಟುವ ಬೈಂಡರು, ಅವನ ರದ್ದಿ ಕಾಗದದ ಕೋಣೆ. ಮೂರರಲ್ಲಿ ಶಿಶುವಿಹಾರ, ಹದಿನೆಂಟು ಮಕ್ಕಳು. ನಾಲ್ಕು ಖಾಲಿ. ಮೇಲಿಂದ ಕೆಳಗಿನವರೆಗೆ ಇದ್ದದ್ದು ಒಂದೇ ಮೆಟ್ಟಿಲು.

ಮೊದಲ ದಿನ ಅವಳು ಆ ಮೆಟ್ಟಿಲನ್ನು ಹದಿನೇಳು ಸಲ ಹತ್ತಿ ಇಳಿದಳು. ಹಾಸಿಗೆ ಅಂಗಡಿಯ ಸ್ಪಂಜಿನ ರಾಶಿ ಕಂಡರೆ ಹೆದರಿಕೆ, ಸ್ವಿಚ್ಚು ಚಿಟಕ್ಕೆಂದರೆ ಹೆದರಿಕೆ. ಚಾವಣಿಯಲ್ಲಿ ಹೊಸ ಪೈಪುಗಳು ಬಾಯಿ ತೆರೆದುಕೊಂಡು ನೇತಾಡುತ್ತಿದ್ದವು. ಒಂದರಲ್ಲೂ ತೊಟ್ಟು ನೀರಿರಲಿಲ್ಲ. ಬಾಗಿಲಿಗೆ ಕೈ ಇಟ್ಟಳು, ಕಿವಿಯನ್ನೂ ಇಟ್ಟಳು. ಡಾಕ್ಟರ ಯಂತ್ರ ಹೇಗೆ ಕೊರೆಯುತ್ತದೆ, ಬೈಂಡರನ ಕಾಗದ ಕೊಯ್ಯುವ ಅಲಗು ಎಷ್ಟು ಹೊತ್ತಿಗೊಮ್ಮೆ ಬೀಳುತ್ತದೆ, ಎಲ್ಲ ಬಾಯಿಪಾಠವಾಯಿತು.

ಎರಡನೆಯ ದಿನ ಹಲ್ಲಿನ ಡಾಕ್ಟರು ತಲೆ ಹೊರಗೆ ಹಾಕಿ, "ಏನೋ ಸೀದ ವಾಸನೆ ಅಲ್ವಾ ದೊಡ್ಡಕ್ಕಾ?" ಎಂದು ಕೇಳಿದಾಗ ಅವಳ ಜೀವವೇ ಬಾಯಿಗೆ ಬಂತು. ಎಳೆದೆಳೆದು ಉಸಿರು ತೆಗೆದುಕೊಂಡಳು. ಒಳಗೆ ಹೋದದ್ದು ಬರೀ ಗಾಳಿ. ಎಲ್ಲ ಬಾಗಿಲುಗಳನ್ನೂ ಬಡಿದುಕೊಂಡು ಓಡಿದಳು. ಕೊನೆಗೆ ನೋಡಿದರೆ ಶಿಶುವಿಹಾರದ ಟೀಚರು ಬ್ರೆಡ್ಡು ಕರಕಲು ಮಾಡಿದ್ದರು.

"ಬ್ರೆಡ್ಡಿಗೂ ಬೆಂಕಿಗೂ ವ್ಯತ್ಯಾಸ ತಿಳೀಲಿಲ್ವಾ ನಿನಗೆ?" ತಮ್ಮ ಗೇಲಿ ಮಾಡಿದ.

"ವಯಸ್ಸಾಯ್ತು ಕಣೋ," ಎಂದಳು. ಇವತ್ತು ಹೇಳಿಬಿಡಬೇಕು ಎಂದುಕೊಂಡಳು. ಇನ್ನು ನಾಲ್ಕೇ ದಿನ, ಹೇಗೋ ಕಳೆದುಹೋಗುತ್ತದೆ ಎಂದೂ ಅಂದುಕೊಂಡಳು. ಎರಡನೆಯದೇ ಗೆದ್ದಿತು.

ನಾಲ್ಕನೆಯ ದಿನ ಪೈಪಿನವರು ಎರಡನೆಯ ಮಹಡಿಯ ಚಾವಣಿಯಲ್ಲಿ ಕಿಡಿ ಹಾರಿಸಿಕೊಂಡು ಕಬ್ಬಿಣ ಕೊಯ್ದು, ಹನ್ನೆರಡೂವರೆಗೆ ಊಟಕ್ಕೆ ಹೋದರು. ಒಂದು ಗಂಟೆಗೆ ದೊಡ್ಡಕ್ಕ ಅಲ್ಲಿ ಹಾದಳು. ಒಂದೂವರೆಗೂ ಹಾದಳು. ರದ್ದಿ ಕೋಣೆಯ ಕಬ್ಬಿಣದ ಬಾಗಿಲು ತಣ್ಣಗಿತ್ತು. ಎರಡೂ ಸಲ ಕಾವಲು ಪುಸ್ತಕದಲ್ಲಿ ಸಹಿ ಹಾಕಿದಳು.

ಎರಡು ಗಂಟೆಗೆ ಅಂಗೈ ಹಿಂಭಾಗ ತಾಗಿಸಿದಾಗ ಬಾಗಿಲು ಜ್ವರ ಬಂದ ಮಗುವಿನ ಹಣೆಯಂತಿತ್ತು.

ಕೈ ತೆಗೆದಳು, ಮತ್ತೆ ಇಟ್ಟಳು. ಎದುರಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಬಿಸಿಲಿಗೇ ಕಾದಿದೆಯೋ? ಬಾಗಿಲಿನ ನೆರಳಿರುವ ಮೂಲೆ ಮುಟ್ಟಿದಳು. ಅದೂ ಬಿಸಿ. ಕಿವಿ ಕೊಟ್ಟಳು. ಒಳಗೆ ಯಾರೋ ಮೆಲ್ಲಗೆ ಕಾಗದ ಮಡಿಸುತ್ತಿದ್ದಂತೆ ಸದ್ದು.

ಗಾಜಿನ ಪೆಟ್ಟಿಗೆಯತ್ತ ತಿರುಗಿದಾಗ ಬೈಂಡರು ಅಂಟಿನ ಡಬ್ಬ ಹಿಡಿದು ಎದುರಾದ. "ಏನಾಯ್ತು ದೊಡ್ಡಕ್ಕಾ?"

"ನಿನ್ನ ಕೋಣೆ ಬಾಗಿಲು ಕಾದಿದೆ."

"ಆ ಕಡೆ ಬಿಸಿಲು ಬೀಳುತ್ತೆ. ಮೇಲೆ ಮಕ್ಕಳು ಮಲಗಿದಾವೆ, ಮೊನ್ನೆ ಬ್ರೆಡ್ಡಿಗೆ ಬಾಗಿಲು ಬಡಿದ ಹಾಗೆ ಸುಮ್ಮನೆ ಗಂಟೆ ಹೊಡೀಬೇಡಿ." ಮೂಗು ಒರೆಸಿಕೊಂಡ. "ನನ್ನ ಮೂಗಂತೂ ಅಂಟಿಗೇ ಸತ್ತುಹೋಗಿದೆ. ನಿಮ್ಮದು ಸರಿಯಿದೆಯಲ್ಲ, ವಾಸನೆ ಬರ್ತಿದ್ಯಾ ಹೇಳಿ."

ಅವಳಿಗೆ ಎದುರಿಗೆ ನಿಂತವನ ಮುಖವೇ ಸರಿಯಾಗಿ ಕಾಣದಷ್ಟು ಭಯವಾಯಿತು. ಇಲ್ಲ ಎಂದರೆ ಅವನು ತಡೆಯುತ್ತಾನೆ. ಹೌದು ಎಂದರೆ, ಅದು ಬರೀ ಬಿಸಿಲೇ ಆಗಿದ್ದರೆ?

"ಬರ್ತಿದೆ," ಎಂದಳು. "ಕಾಗದ ಸುಟ್ಟ ವಾಸನೆ." ಎಂದವಳೇ ಮೊಣಕೈಯಿಂದ ಗಾಜು ಒಡೆದಳು.

ಗಂಟೆ ಇಡೀ ಕಟ್ಟಡವನ್ನು ಹಿಡಿದು ಅಲ್ಲಾಡಿಸಿತು. ಬೈಂಡರು ಬೀಗದ ಕೈ ತೆಗೆಯುತ್ತಿದ್ದ. "ತೆಗೀಬೇಡ!" ಎಂದು ಚೀರಿದಳು. ಅಷ್ಟರಲ್ಲೇ ಬಾಗಿಲ ಕೆಳಗಿನ ಸಂದಿಯಿಂದ ಬೂದು ಹೊಗೆ ನಾಲಗೆ ಚಾಚಿತು. ಬೈಂಡರನ ಕೈಯಿಂದ ಡಬ್ಬ ಬಿತ್ತು.

ಮೂರನೆಯ ಮಹಡಿಗೆ ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಟೀಚರು ನಿದ್ದೆಗಣ್ಣಿನ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೆಟ್ಟಿಲು ಇಳಿಯುವುದೆಂದರೆ ಆ ಬಾಗಿಲ ಮುಂದೆಯೇ ಹಾಯಬೇಕು. ದೊಡ್ಡಕ್ಕ ಮಕ್ಕಳ ಎರಡು ಹೊದಿಕೆ ಬಾಚಿ, ಕುಡಿಯುವ ನೀರಿನ ಕ್ಯಾನನ್ನು ಅವುಗಳ ಮೇಲೆ ಬೋರಲು ಹಾಕಿ, ತೊಯ್ದ ಮುದ್ದೆಯನ್ನು ಹೊತ್ತು ಕೆಳಗೋಡಿದಳು. ಮೊಣಕಾಲೂರಿ ಬಾಗಿಲ ಸಂದಿಗೆ ತುರುಕಿದಳು. ಕಬ್ಬಿಣ ಈಗ ಮುಟ್ಟಲಾರದಷ್ಟು ಸುಡುತ್ತಿತ್ತು. ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ಕೆಮ್ಮು ಬಂತು, ಕಣ್ಣು ಉರಿಯಿತು. ಹೊಗೆಗೆ ಮಾತ್ರ ಈಗಲೂ ಯಾವ ವಾಸನೆಯೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ಗೋಡೆ ಕಡೆ ಮುಖ ಮಾಡ್ಕೊಂಡು ಬನ್ನಿ ಮರಿ, ಅಜ್ಜಿ ಬೆನ್ನ ಹಿಂದೆ ನೋಡ್ಬೇಡಿ, ಬನ್ನಿ ಬನ್ನಿ," ಎನ್ನುತ್ತಾ ಬಾಗಿಲಿಗೂ ಮಕ್ಕಳಿಗೂ ನಡುವೆ ನಿಂತಳು. ಪುಟ್ಟ ಕಾಲುಗಳು ಒಂದೊಂದಾಗಿ ಹಾದವು. ಒಬ್ಬ ಹುಡುಗಿ ಮೆಟ್ಟಿಲಲ್ಲೇ ಕೂತು ಕಂಬಿಗೆ ಜೋತುಬಿದ್ದಳು. ದೊಡ್ಡಕ್ಕ ಬೆರಳು ಬಿಡಿಸಿ ಎತ್ತಿಕೊಂಡಳು.

ಬೀದಿಯಾಚೆ ಟೀಚರು ಎಣಿಸಿದರು. ಹತ್ತೊಂಬತ್ತು! ಮತ್ತೆ ಎಣಿಸಿದರೂ ಹತ್ತೊಂಬತ್ತೇ. ಕೊನೆಯವನು ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ, ಹಲ್ಲು ಕೀಳಿಸಿಕೊಳ್ಳಲು ಬಂದವನು ಸಾಲು ಕಂಡು ಸೇರಿಬಿಟ್ಟಿದ್ದ. ಟೀಚರು ನಗುತ್ತಾ ಅತ್ತರು. ಅಗ್ನಿಶಾಮಕದವರು ತಮ್ಮದೇ ನೀರು ತಂದು ಮುಕ್ಕಾಲು ಗಂಟೆಯಲ್ಲಿ ಬೆಂಕಿ ಆರಿಸಿದರು. ರದ್ದಿ ಕೋಣೆ ಬೂದಿಯಾಯಿತು, ಬೈಂಡರನ ಅರ್ಧ ಪುಸ್ತಕಗಳು ನೆನೆದುಹೋದವು. ಯಾರಿಗೂ ಏನೂ ಆಗಲಿಲ್ಲ.

"ಹೇಳಿರ್ಲಿಲ್ವಾ, ನಮ್ಮಕ್ಕನ ಮೂಗು!" ಎಂದು ತಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಜನ ಬಂದು ಅವಳ ಕೈ ಹಿಡಿದುಕೊಂಡರು. ಒಂದೊಂದು ಹೊಗಳಿಕೆಗೂ ಅವಳು ಕುಗ್ಗುತ್ತಾ ಹೋದಳು.

ಇನ್‌ಸ್ಪೆಕ್ಟರಮ್ಮ ಕಾವಲು ಪುಸ್ತಕ ತಿರುವಿದರು. "ಪೈಪಿಗೆ ಕೊರೆದ ತೂತಿನಿಂದ ಕೋಣೆಯೊಳಗೆ ಕಿಡಿ ಬಿದ್ದದ್ದು ಹನ್ನೆರಡೂವರೆಗೆ ಮುಂಚೆ. ಒಂದೂವರೆ ಗಂಟೆ ಒಳಗೊಳಗೇ ಹೊಗೆಯಾಡಿದೆ. ಒಂದು ಗಂಟೆಗೆ, ಒಂದೂವರೆಗೆ ನಿಮ್ಮ ಸಹಿ ಇದೆ. ಆಗ ವಾಸನೆ ಬರಲಿಲ್ವಾ?"

ಎಲ್ಲರೂ ಅವಳತ್ತ ನೋಡಿದರು. ಇಲ್ಲ, ಆಗ ಇರಲಿಲ್ಲ ಎಂದರೆ ಮುಗಿಯಿತು, ನಂಬುತ್ತಾರೆ. ಬೀದಿಯಾಚೆ ಮಕ್ಕಳು ಇನ್ನೂ ಬರಿಗಾಲಲ್ಲಿ ನಿಂತಿದ್ದವು.

"ನನಗೆ ವಾಸನೆ ಬರೋದೇ ಇಲ್ಲ ಮೇಡಂ," ಎಂದಳು. "ಐದು ತಿಂಗಳಾಯ್ತು. ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಬೈಂಡರಿಗೆ ಸುಳ್ಳು ಹೇಳಿದೆ. ಬಾಗಿಲು ಬಿಸಿಯಿತ್ತು, ಅಷ್ಟೇ."

ತಮ್ಮನ ಮುಖ ಸುಣ್ಣ ಬಳಿದಂತಾಯಿತು.

ಇನ್‌ಸ್ಪೆಕ್ಟರಮ್ಮ ಆ ಎರಡು ಸಹಿಗಳ ಕೆಳಗೆ ಗೆರೆ ಎಳೆದರು. "ಮೂಗಿದ್ದವರು ಒಂದು ಗಂಟೆ ಮೊದಲೇ ಹಿಡೀತಿದ್ರು," ಎಂದರು. "ಬಾಗಿಲು ಮುಟ್ಟದವರು ಹಿಡೀತಾನೇ ಇರಲಿಲ್ಲ. ಎರಡನ್ನೂ ಬರೀತೀನಿ. ನಾಳೆಯಿಂದ ಇಬ್ಬರು ಕಾವಲಿರಬೇಕು, ಕಬ್ಬಿಣ ಕೊಯ್ದ ಜಾಗದಲ್ಲಿ ಒಂದು ಗಂಟೆ ಒಬ್ಬರು ಕೂತೇ ಇರಬೇಕು. ನೀವು ಮನೆಗೆ ಹೋಗಿ."

ಮನೆಗೆ ನಡೆದುಹೋಗುವಾಗ ತಮ್ಮ ಎರಡು ಹೆಜ್ಜೆ ಮುಂದೆಯೇ ಇದ್ದ. ತಿರುವಿನಲ್ಲಿ ನಿಂತ. "ನನಗ್ಯಾಕೆ ಹೇಳಲಿಲ್ಲ?"

"ಒಲೆ ಕಿತ್ತುಕೊಳ್ತೀರ ಅಂತ."

"ಥೂ," ಎಂದ. "ನಿನ್ನಿಂದಲ್ಲ ಕಣೇ, ನನ್ನ ಬಾಯಿಯಿಂದ ಆದದ್ದು ಇದು. ಅಷ್ಟು ಬಡಾಯಿ ಕೊಚ್ಚಿಕೊಂಡ ಮೇಲೆ ನೀನಾದ್ರೂ ಏನು ಹೇಳ್ತಿದ್ದೆ?"

ಉಳಿದ ಎರಡು ದಿನ ಕಟ್ಟಡವನ್ನು ಬೇರೆ ಇಬ್ಬರು ಸುತ್ತಿದರು. ದೊಡ್ಡಕ್ಕ ಮನೆಯಲ್ಲಿದ್ದಳು, ಕಣ್ಣು ಮಾತ್ರ ಗಡಿಯಾರದ ಮೇಲೆ. ಒಂದು, ಒಂದೂವರೆ, ಎರಡು. ಅವಳು ಅಡುಗೆಗೆ ನಿಂತಾಗ, ಸೀದರೆ ಹೇಳಲೆಂದು, ತಮ್ಮನ ಹೆಂಡತಿ ಏನೂ ಕೇಳದೆ ಒಲೆಯ ಪಕ್ಕ ತಾನೊಂದು ಸ್ಟೂಲು ಹಾಕಿಕೊಂಡು ಕೂರತೊಡಗಿದಳು.

ಆರನೆಯ ದಿನ ಸಂಜೆ ತಮ್ಮ ಫೋನು ಮಾಡಿದ. "ತೊಟ್ಟಿ ತುಂಬ್ತು. ಎಲ್ಲ ಮಹಡಿ ಪೈಪಲ್ಲೂ ನೀರಿದೆ. ಇನ್‌ಸ್ಪೆಕ್ಟರು ನಲ್ಲಿ ಬಿಟ್ಟು ನೋಡಿದ್ರು."

"ಮೂರನೇ ಮಹಡಿಯಲ್ಲೂ?"

"ಅಲ್ಲೂ."

"ನೀನೇ ಕಣ್ಣಾರೆ ನೋಡಿದ್ಯಾ?"

"ನೋಡ್ದೆ ಅಕ್ಕಾ, ನನ್ನ ಅಂಗಿಯೆಲ್ಲ ನೆನೆದಿದೆ."

ದೊಡ್ಡಕ್ಕ ಫೋನು ಇಟ್ಟು ನೆಲದ ಮೇಲೆ ಕೂತಳು. ಅರ್ಧ ಗಂಟೆ ಕಳೆದರೂ ಗಡಿಯಾರದತ್ತ ತಿರುಗಲಿಲ್ಲ.