ಜೂನ್ ಒಂದರ ಮಕ್ಕಳು

ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬ ಇರುವ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ಬಂದು ನಿಲ್ಲಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಮಾಮೂಲಿ ದಿನಗಳಲ್ಲಿ ಒಬ್ಬರೋ ಇಬ್ಬರೋ ಬರುತ್ತಾರೆ. ಜೂನ್ ಒಂದರಂದು ಮಾತ್ರ ಮೂವತ್ತು ನಲವತ್ತು ಮಕ್ಕಳು ಸಾಲುಗಟ್ಟುತ್ತಾರೆ. ಹೊಸದಾಗಿ ಸೇರಿದ ಟೀಚರುಗಳು ಕಣ್ಣರಳಿಸಿ ನೋಡುತ್ತಾರೆ. ನನಗೇನೂ ಆಶ್ಚರ್ಯವಿಲ್ಲ. ಅವರಲ್ಲಿ ಅರ್ಧ ಮಕ್ಕಳನ್ನು ಆ ದಿನ ಹುಟ್ಟಿಸಿದವಳು ನಾನೇ.

ಮತ್ತಿಕೆರೆಯ ಈ ಅನುದಾನಿತ ಶಾಲೆಯಲ್ಲಿ ಪಂಕಜಾ ಟೀಚರ್ ಎಂದರೆ ಮೂವತ್ತೊಂದು ವರ್ಷದಿಂದ ನಾನೊಬ್ಬಳೇ. ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸಿಕೊಳ್ಳುವ ರಿಜಿಸ್ಟರ್ ಬಹಳ ಕಾಲ ನನ್ನ ಕೈಯಲ್ಲಿತ್ತು. ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವವರು, ಈರುಳ್ಳಿ ಆರಿಸುವವರು, ಮನೆಗೆಲಸದವರು ಮಕ್ಕಳನ್ನು ಕರೆತರುತ್ತಿದ್ದರು. ಹುಟ್ಟಿದ ದಿನ ಕೇಳಿದರೆ ಯಾವುದೋ ಹಬ್ಬದ ಲೆಕ್ಕ ಹೇಳುತ್ತಿದ್ದರು. ಸರ್ಟಿಫಿಕೇಟನ್ನು ಆಮೇಲೆ ತಂದುಕೊಡುತ್ತೇವೆ ಅನ್ನುತ್ತಿದ್ದರು, ಆ ಆಮೇಲೆ ಬರುತ್ತಲೇ ಇರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ಆರು ವರ್ಷ ತುಂಬುವಂತೆ ಜೂನ್ ಒಂದು ಎಂದು ಬರೆದುಬಿಟ್ಟರೆ ಮಗು ಒಳಗೆ ಬಂದ ಹಾಗೆ. ನನಗಿಂತ ಹಿಂದಿನವರೂ ಹಾಗೇ ಮಾಡಿದ್ದರು. ಅದೊಂದು ಪುಣ್ಯದ ಕೆಲಸ ಎಂದೇ ನಾನು ತಿಳಿದುಕೊಂಡಿದ್ದೆ.

ಎರಡು ವರ್ಷದ ಹಿಂದೆ ನಮ್ಮ ಹೆಡ್‌ಮಾಸ್ಟರ್ ಗುರುಚರಣ್ ಅವರಿಗೆ ಕ್ಲಬ್ಬುಗಳ ಹುಚ್ಚು ಹಿಡಿಯಿತು. ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳೆಲ್ಲ ಪ್ರತಿ ಶನಿವಾರ ಕೊನೆಯ ಎರಡು ಪೀರಿಯಡ್ ಒಂದಲ್ಲ ಒಂದು ಕ್ಲಬ್ಬಿನಲ್ಲಿರಬೇಕು, ಪ್ರತಿ ಕ್ಲಬ್ಬಿಗೂ ಒಬ್ಬರು ಟೀಚರ್ ಇರಬೇಕು ಎಂದರು. ಫರೀದಾ ಮಿಸ್ ಜಾಣೆ, ಚೆಸ್ ಆರಿಸಿಕೊಂಡು ಫ್ಯಾನಿನ ಕೆಳಗೆ ಕೂತಳು. ಚಿತ್ರಕಲೆ, ಡ್ಯಾನ್ಸು, ಪರಿಸರ ಎಲ್ಲವೂ ಒಬ್ಬೊಬ್ಬರ ಪಾಲಾದವು. ಮೀಟಿಂಗಿಗೆ ತಡವಾಗಿ ಹೋದ ತಪ್ಪಿಗೆ ನನ್ನ ತಲೆಗೆ ಖೋ ಖೋ ಕಟ್ಟಿದರು. ಚಿಕ್ಕಂದಿನಲ್ಲಿ ಯಲಹಂಕದಲ್ಲಿ ಆಡಿದ್ದೆ ಎಂದು ಯಾವಾಗಲೋ ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡಿದ್ದೆನಲ್ಲ, ಅನುಭವಿಸಬೇಕಾಯಿತು. ಐವತ್ತೇಳನೆಯ ವಯಸ್ಸಿನಲ್ಲಿ ಸೆರಗು ಸಿಕ್ಕಿಸಿಕೊಂಡು ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆ. ಬೇರೆಲ್ಲೂ ಸೀಟು ಸಿಗದ ಹನ್ನೆರಡು ಹುಡುಗಿಯರು ನನ್ನ ಪಾಲಿಗೆ ಬಂದರು. ಅವರಲ್ಲೊಬ್ಬಳು ಪದ್ಮಶ್ರೀ.

ಪಾಠದಲ್ಲಿ ಪದ್ಮಶ್ರೀ ಅಷ್ಟಕ್ಕಷ್ಟೆ. ಭಾಗಾಕಾರ ಎಂದರೆ ಹೊಟ್ಟೆನೋವು ಬರುತ್ತಿತ್ತು. ಆದರೆ ಮೈದಾನಕ್ಕೆ ಇಳಿದರೆ ಬೇರೆಯೇ ಹುಡುಗಿ. ಓಡುವವಳು ಕಂಬ ಸುತ್ತಿ ತಿರುಗುವ ಆ ಒಂದು ಗಳಿಗೆಯಲ್ಲಿ, ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ಮುಂದಕ್ಕೆ ಎಸೆದು ಅವಳನ್ನು ಮುಟ್ಟಿಬಿಡುತ್ತಿದ್ದಳು. ಮೊಣಕೈ ತರಚಿ ರಕ್ತ ಬಂದರೆ ಲಂಗಕ್ಕೆ ಒರೆಸಿಕೊಂಡು ಮತ್ತೆ ಸಾಲಿನಲ್ಲಿ ಕೂರುತ್ತಿದ್ದಳು. ನನಗೆ ಮಕ್ಕಳಿಲ್ಲ. ಆ ಹುಡುಗಿ ನನ್ನವಳಾಗಿದ್ದರೆ ಎಂದು ನಾನು ಆಸೆಪಟ್ಟಿದ್ದು ಸುಳ್ಳಲ್ಲ.

ನನ್ನ ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು. ಮುಟ್ಟಿಸಿಕೊಂಡವಳು ಅಂಪೈರ್ ನೋಡಲಿ ಬಿಡಲಿ, ತಾನಾಗಿಯೇ ಹೊರಗೆ ಬರಬೇಕು. ಬರದೆ ಕಳ್ಳಾಟ ಆಡಿದವಳ ಜೊತೆ ಆ ವಾರವಿಡೀ ಯಾರೂ ಮಾತಾಡಬಾರದು, ನಾನೂ ಮಾತಾಡುವುದಿಲ್ಲ. ಶರ್ವಾಣಿ ಎಂಬ ಹುಡುಗಿ ಒಮ್ಮೆ ಹಾಗೆ ಮಾಡಿ, ವಾರವಿಡೀ ಒಬ್ಬಳೇ ಊಟದ ತಟ್ಟೆ ಹಿಡಿದು ಕೂತಿದ್ದಳು. ಆಮೇಲೆ ಯಾರೂ ಆ ತಪ್ಪು ಮಾಡಲಿಲ್ಲ.

ಈ ವರ್ಷ ಪದ್ಮಶ್ರೀ ಏಳನೆಯ ತರಗತಿ. ಸೆಪ್ಟೆಂಬರಿನಲ್ಲಿ ಯಲಹಂಕದಲ್ಲಿ ವಲಯ ಮಟ್ಟದ ಪಂದ್ಯ, ಹದಿನಾಲ್ಕು ವರ್ಷದೊಳಗಿನವರಿಗೆ. ಚೆನ್ನಾಗಿ ಆಡಿದವರನ್ನು ಕ್ರೀಡಾ ಹಾಸ್ಟೆಲ್‌ಗೆ ಆರಿಸಿಕೊಳ್ಳಲು ಅಲ್ಲಿಗೇ ಜನ ಬರುತ್ತಾರೆ ಎಂದು ತಿಳಿಯಿತು. ಅಲ್ಲಿ ಸೇರಿದರೆ ಊಟ, ವಸತಿ, ಓದು, ಆಟ ಎಲ್ಲವೂ ಇರುತ್ತಿತ್ತು. ಪದ್ಮಶ್ರೀಗೆ ತಾಯಿ ಇಲ್ಲ, ತಂದೆ ಇದ್ದೂ ಇಲ್ಲದವನು. ಮಂಡಿಯಲ್ಲಿ ಈರುಳ್ಳಿ ಆರಿಸುವ ಅಜ್ಜಿ ಮುನಿಗಂಗಮ್ಮನೇ ಎಲ್ಲ. ಆ ಅಜ್ಜಿಗೂ ಕಣ್ಣು ಮಂಜಾಗುತ್ತಿತ್ತು.

"ಅಲ್ಲಿ ದಿನಾ ಆಡಿಸ್ತಾರಾ ಮಿಸ್? ಬರೀ ಶನಿವಾರ ಅಲ್ವಾ?" ಎಂದು ಪದ್ಮಶ್ರೀ ಕೇಳಿದಳು.

"ದಿನಾ. ಬೆಳಗ್ಗೆ, ಸಂಜೆ ಎರಡ್ ಹೊತ್ತೂ."

ಅವಳು ಅಂದಿನಿಂದ ಬೆಳಿಗ್ಗೆ ಏಳಕ್ಕೇ ಶಾಲೆಗೆ ಬಂದು ಕಂಬ ಹಿಡಿದು ಹಾರುವುದನ್ನು ಒಬ್ಬಳೇ ಕಲಿಯತೊಡಗಿದಳು.

ಆಗಸ್ಟ್ ಕೊನೆಯಲ್ಲಿ ಗುರುಚರಣ್ ನನ್ನನ್ನು ಕರೆದರು. ಮೇಜಿನ ಮೇಲೆ ತಂಡದ ಪಟ್ಟಿ ಇತ್ತು, ಕಂಪ್ಯೂಟರಿನಿಂದ ತೆಗೆದದ್ದು.

"ಮೇಡಂ, ಈ ಪದ್ಮಶ್ರೀ ಓವರ್ ಏಜ್. ಡೇಟ್ ಆಫ್ ಬರ್ತ್ ಎರಡು ಸಾವಿರದ ಹನ್ನೊಂದು, ಜೂನ್ ಒಂದು. ಆಗ್ಲೇ ಹದಿನಾಲ್ಕು ತುಂಬೋಗಿದೆ."

ಎಂಟು ವರ್ಷದ ಹಿಂದಿನ ಆ ದಿನ ಆಗ ನೆನಪಾಯಿತು. ಮುನಿಗಂಗಮ್ಮ ಒಂದು ಪುಟ್ಟ ಹುಡುಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ಮಗುವಿಗೆ ಐದೂ ತುಂಬಿರಲಿಲ್ಲ. ಮಗಳು ತೀರಿಕೊಂಡು ತಿಂಗಳಾಗಿತ್ತು. ಮಂಡಿಗೆ ಹೋದರೆ ಮಗುವನ್ನು ನೋಡಿಕೊಳ್ಳುವವರಿಲ್ಲ, ಲಾರಿಗಳು ಓಡಾಡುವ ಜಾಗದಲ್ಲಿ ಅದನ್ನು ಬಿಡಲೂ ಆಗದು. "ಗೌರಿ ಅಬ್ಬಕ್ಕೆ ನಾಕ್ ದಿನ ಮುಂಚೆ ಉಟ್ಟಿದ್ದು ತಾಯಿ. ಎಂಗಾನ ಮಾಡಿ ಒಳೀಕ್ ಸೇರಿಸ್ಕಳಿ" ಎಂದು ಅತ್ತಿದ್ದಳು. ನಾನು ಪೆನ್ನು ತೆಗೆದು ಆ ಮಗುವಿಗೆ ಆರು ವರ್ಷ ಮಾಡಿದ್ದೆ. ಆಮೇಲೆ ಕೊರೋನಾ ಬಂದು ಅವಳಿಗೆ ಎರಡು ವರ್ಷ ಶಾಲೆ ತಪ್ಪಿತು. ತಿರುಗಿ ಬಂದಾಗ ಕೆಳಗಿನ ತರಗತಿಗೇ ಕೂರಿಸಿದೆವು. ಹಾಗಾಗಿ ಇನ್ನೂ ಹದಿಮೂರು ತುಂಬದ ಹುಡುಗಿ ದಾಖಲೆಯಲ್ಲಿ ಹದಿನಾಲ್ಕು ದಾಟಿ ಕೂತಿದ್ದಳು. ಆ ತಾರೀಖನ್ನೇ ನೋಡಿ ಆಧಾರ್ ಕಾರ್ಡನ್ನೂ ಮಾಡಿದ್ದರು. ನಾನು ಬರೆದದ್ದನ್ನು ನಾನೇ ಮರೆತಿದ್ದೆ.

ಮಾರನೆಯ ದಿನ ಮುನಿಗಂಗಮ್ಮನನ್ನು ಕರೆಸಿದೆವು. ಹೆರಿಗೆ ಆಸ್ಪತ್ರೆಯವರು ಕೊಟ್ಟ ತಾಯಿ ಕಾರ್ಡನ್ನು ಅವಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದಳು. ಹದಿನಾಲ್ಕನೆಯ ಸೆಪ್ಟೆಂಬರ್, ಎರಡು ಸಾವಿರದ ಹನ್ನೆರಡು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಪದ್ಮಶ್ರೀ ಬಾಗಿಲ ಹತ್ತಿರ ನಿಂತಿದ್ದಳು.

"ಮತ್ತೆ ಶಾಲೆಗೆ ಈ ಸುಳ್ಳು ತಾರೀಖು ಯಾರಮ್ಮ ಕೊಟ್ಟಿದ್ದು?" ಎಂದು ಗುರುಚರಣ್ ಕೇಳಿದರು.

ಮುನಿಗಂಗಮ್ಮ ಒಮ್ಮೆ ನನ್ನ ಕಡೆ ನೋಡಿದಳು.

"ನಾನೇ ಸೋಮಿ. ಮಗೀನ ಬೇಗ ಸೇರಿಸ್ಬೇಕು ಅಂತ ನಾನೇ ಸುಳ್ ಯೋಳ್ದೆ. ಮೇಡಮ್ಮಾರು ನಾನ್ ಯೋಳಿದ್ದ ಬರ್ಕಂಡ್ರು."

ನಾನು ಸುಮ್ಮನಿದ್ದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ, ಸುಮ್ಮನಿದ್ದೆ ಅಷ್ಟೆ. ಪದ್ಮಶ್ರೀ ಅಜ್ಜಿಯ ಮುಖವನ್ನೇ ನೋಡುತ್ತಿದ್ದು, ಆಮೇಲೆ ಹೊರಟುಹೋದಳು.

ಹೊರಗೆ ಕಾರಿಡಾರಿನಲ್ಲಿ ಮುನಿಗಂಗಮ್ಮ ನನ್ನ ಕೈ ಹಿಡಿದಳು. "ಅವತ್ತು ನನ್ ಕಷ್ಟ ನೋಡಿ ಬರ್ದ್ರಿ. ನಿಮ್ ಕೆಲಸುಕ್ಕೆ ಕುತ್ತು ಬರೋದ್ ಬ್ಯಾಡ ಕಣವ್ವ. ಅವ್ಳು ಎಲ್ಡ್ ದಿನ ಮುನಿಸ್ಕತಾಳೆ, ಆಮ್ಯಾಕೆ ಸರಿಯೋಯ್ತಳೆ."

ಗುರುಚರಣ್ ಕೂಡ ಸಂಜೆ ಹೇಳಿದರು. "ರಿಜಿಸ್ಟರಲ್ಲಿ ನಿಮ್ಮ ಕೈಬರಹ ನಂಗೆ ಗೊತ್ತಿಲ್ವಾ ಮೇಡಂ? ರಿಟೈರ್ ಆಗೋಕೆ ಇನ್ನು ಎಂಟೇ ತಿಂಗಳು. ಸುಮ್ನಿದ್ಬಿಡಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ಆ ಮಾತನ್ನು ತಟ್ಟನೆ ಹಿಡಿದುಕೊಂಡೆ.

ತಾಯಿ ಕಾರ್ಡ್ ಹಿಡಿದು ಶಿಕ್ಷಣ ಇಲಾಖೆಯ ಕಚೇರಿಗೆ ಮೂರು ಸಲ ಅಲೆದೆ. ಇದು ನಡೆಯುವುದಿಲ್ಲ, ಜನ್ಮ ದಿನಾಂಕ ತಿದ್ದಬೇಕಾದರೆ ಕೋರ್ಟಿನ ಆದೇಶ ತನ್ನಿ ಎಂದರು. ಕೋರ್ಟಿಗೆ ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ ಅಲ್ಲಿದ್ದ ಗುಮಾಸ್ತ ನಕ್ಕ. ಪಟ್ಟಿಯಿಂದ ಪದ್ಮಶ್ರೀಯ ಹೆಸರು ಹೊಡೆದು ಶರ್ವಾಣಿಯ ಹೆಸರು ಬರೆದೆ.

ಪದ್ಮಶ್ರೀ ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಪಂದ್ಯಕ್ಕೆ ನಾನೂ ಬರ್ಲಾ ಮಿಸ್? ಬ್ಯಾಗ್ ಕಾಯ್ತೀನಿ" ಎಂದಳು.

ಸೆಪ್ಟೆಂಬರ್ ಹದಿಮೂರು, ಶನಿವಾರ. ಹೆಬ್ಬಾಳದಲ್ಲಿ ಬಸ್ಸು ಬದಲಿಸಿ ಯಲಹಂಕ ಸೇರುವಷ್ಟರಲ್ಲಿ ಬಿಸಿಲೇರಿತ್ತು. ನಮ್ಮ ಹುಡುಗಿಯರು ಮೊದಲ ಎರಡು ಪಂದ್ಯ ಗೆದ್ದರು. ಪದ್ಮಶ್ರೀ ಗೆರೆಯ ಹೊರಗೆ, ಹನ್ನೆರಡು ಬ್ಯಾಗುಗಳ ನಡುವೆ ಕೂತು ನೀರು ತುಂಬಿಸಿ ಕೊಡುತ್ತಿದ್ದಳು. ಸೆಮಿಫೈನಲಿನ ಕೊನೆಯ ನಿಮಿಷದಲ್ಲಿ ಸಮ ಮಾಡಲು ಒಂದೇ ಒಂದು ಅಂಕ ಬೇಕಿತ್ತು. ಎದುರಾಳಿ ಹುಡುಗಿ ಕಂಬದ ಕಡೆ ಓಡಿ ತಿರುಗಿದಳು. ಶರ್ವಾಣಿ ಕಂಬ ಹಿಡಿದಳು, ಹಾರಲಿಲ್ಲ. ಹೊರಗೆ ಕೂತಿದ್ದ ಪದ್ಮಶ್ರೀಯ ಮೈ ಮಾತ್ರ ಇದ್ದಲ್ಲೇ ಮುಂದಕ್ಕೆ ನುಗ್ಗಿ, ಎರಡೂ ಕೈ ನೆಲಕ್ಕೆ ಬಡಿದವು. ಸೀಟಿ ಊದಿದರು. ಒಂದು ಅಂಕದಿಂದ ಸೋತೆವು.

ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ನಾನು ಪದ್ಮಶ್ರೀಯ ಪಕ್ಕ ಹೋಗಿ ಕೂತೆ. ಅವಳ ಅಂಗೈಗೆ ಕೆಂಪು ಮಣ್ಣು ಮೆತ್ತಿತ್ತು. "ನಾಳೆ ನಿನ್ ನಿಜವಾದ ಹುಟ್ಟುಹಬ್ಬ ಅಲ್ವೇನೇ? ಅಜ್ಜಿ ಏನ್ ಮಾಡ್ತಾರೆ?" ಎಂದೆ.

"ಅಜ್ಜಿ ಜೊತೆ ನಾನು ಮಾತಾಡ್ತಿಲ್ಲ ಮಿಸ್."

"ಯಾವಾಗಿಂದ?"

"ಅವತ್ತಿಂದ. ಊಟಕ್ಕಿಟ್ರೆ ತಿಂತೀನಿ, ಮಾತಾಡಲ್ಲ. ರಾತ್ರಿ ಅಳ್ತಾ ಇರ್ತಾರೆ, ಆದ್ರೂ ಮಾತಾಡಲ್ಲ. ಕಳ್ಳಾಟ ಆಡಿದೋರ ಜೊತೆ ಮಾತಾಡ್ಬಾರ್ದು ಅಂತ ನೀವೇ ಹೇಳ್ತೀರಲ್ಲ."

ಎರಡು ವಾರ. ಆ ಮುದುಕಿ ನನ್ನ ಪಾಲಿನ ಶಿಕ್ಷೆಯನ್ನು ಎರಡು ವಾರದಿಂದ ತನ್ನ ಮನೆಯಲ್ಲಿ ಉಣ್ಣುತ್ತಿದ್ದಳು. ನನಗೆ ನನ್ನ ಮೇಲೆ ಎಂಥ ಅಸಹ್ಯವಾಯಿತು ಎಂದರೆ, ಪಿಂಚಣಿ, ಮರ್ಯಾದೆ ಯಾವುದೂ ಆಗ ನೆನಪಿಗೆ ಬರಲಿಲ್ಲ.

"ಪದ್ಮಾ, ನಿನ್ನಜ್ಜಿ ಸುಳ್ಳು ಹೇಳಿರ್ಲಿಲ್ಲ ಕಣೇ. ಗೌರಿ ಹಬ್ಬಕ್ಕೆ ಮುಂಚೆ ಹುಟ್ಟಿದ್ದು ಅಂತ ನಿಜಾನೇ ಹೇಳಿದ್ರು. ಜೂನ್ ಒಂದು ಅಂತ ಬರೆದಿದ್ದು ನಾನು."

ಅವಳು ಅರ್ಥವಾಗದವಳಂತೆ ನನ್ನನ್ನು ನೋಡಿದಳು.

"ಅಜ್ಜಿಗೆ ಗೊತ್ತಿತ್ತಾ ನೀವು ಅಂತ?"

"ಗೊತ್ತಿತ್ತು."

"ಮತ್ತೆ ಯಾಕೆ ತಾನು ಅಂದ್ರು?"

"ನನ್ನ ಕೆಲಸ ಹೋಗ್ಬಾರ್ದು ಅಂತ."

"ನೀವು ಅಲ್ಲೇ ನಿಂತಿದ್ರಿ."

"ಹೌದು."

ಪದ್ಮಶ್ರೀ ಅಂಗೈಯ ಮಣ್ಣನ್ನು ನಿಧಾನವಾಗಿ ಲಂಗಕ್ಕೆ ಒರೆಸಿಕೊಂಡಳು. "ನೀವು ಅವತ್ತೇ ಔಟ್ ಆಗಿದ್ರಿ ಮಿಸ್" ಎಂದಳು. ಕೋಪದಿಂದ ಹೇಳಿದ್ದಲ್ಲ, ಆಟದಲ್ಲಿ ಗೆಳತಿಯರಿಗೆ ಹೇಳುವ ಹಾಗೆಯೇ ಹೇಳಿದಳು. ಆಮೇಲೆ ಎದ್ದು ಬ್ಯಾಗುಗಳನ್ನು ಒಂದೊಂದಾಗಿ ಅವರವರಿಗೆ ಕೊಟ್ಟು ಬಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಮತ್ತಿಕೆರೆಯವರೆಗೂ ನಿಂತುಕೊಂಡೇ ಬಂದಳು.

ಸೋಮವಾರ ಬೆಳಿಗ್ಗೆ ಮುನಿಗಂಗಮ್ಮ ಒಂದು ಸ್ಟೀಲ್ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಒಳಗೆ ಶಾವಿಗೆ ಪಾಯಸವಿತ್ತು.

"ಮಗ ಮಾತಾಡ್ತು ಕಣವ್ವ. ನನ್ ಕಾಲ್ ತಬ್ಕಂಡು ಅತ್ಬುಡ್ತು." ಅವಳ ಮುಖ ಅರಳಿತ್ತು. ಮರುಗಳಿಗೆಗೇ ಬಾಡಿತು. "ಆದ್ರೆ ನೀವ್ಯಾಕ್ ಯೋಳ್ಬುಟ್ರಿ? ನಾನು ಅವ್ಳಜ್ಜಿ, ಎಂಗೋ ತಡ್ಕತಿದ್ದೆ. ನೀವಂದ್ರೆ ಅವ್ಳಿಗೆ ಪ್ರಾಣ ಆಗಿತ್ತು."

ಅದೇ ದಿನ ಎಲ್ಲವನ್ನೂ ಬರೆದು ಗುರುಚರಣ್ ಅವರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಆಮೇಲೆ ವಕೀಲರನ್ನು ಕಂಡು ತಿದ್ದುಪಡಿಗೆ ಅರ್ಜಿ ಹಾಕಿಸಿದೆ. ಆದೇಶ ಬರಲು ವರ್ಷವಾದರೂ ಆಗಬಹುದು ಎಂದರು. ಅಷ್ಟರಲ್ಲಿ ಪದ್ಮಶ್ರೀಗೆ ನಿಜವಾಗಿಯೂ ಹದಿನಾಲ್ಕು ತುಂಬಿರುತ್ತದೆ.

ಆ ಶನಿವಾರ ಅವಳು ನನ್ನ ಕ್ಲಬ್ಬಿಗೆ ಬರಲಿಲ್ಲ. ಫರೀದಾ ಮಿಸ್ ಹತ್ತಿರ ಕೇಳಿಕೊಂಡು ಚೆಸ್ ಸೇರಿದಳು. ಕುದುರೆ ಹೇಗೆ ನಡೆಯುತ್ತದೆ ಎಂಬುದೂ ಅವಳಿಗೆ ಗೊತ್ತಿಲ್ಲ, ಸುಮ್ಮನೆ ಕೂತಿರುತ್ತಾಳೆ ಎಂದು ಫರೀದಾ ಹೇಳಿದಳು. ಒಂದು ವಾರದ ಶಿಕ್ಷೆ ಇರಬೇಕು, ಮುಂದಿನ ಶನಿವಾರ ಬರುತ್ತಾಳೆ ಎಂದುಕೊಂಡೆ. ಈಗ ಐದು ಶನಿವಾರ ಕಳೆದಿದೆ.

ಚೆಸ್ ನಡೆಯುವ ಕೋಣೆಯ ಕಿಟಕಿ ಮೈದಾನಕ್ಕೇ ತೆರೆದುಕೊಳ್ಳುತ್ತದೆ. ನಾನು ಹಾಜರಿ ಕರೆಯುವಾಗ ಏಳನೆಯ ಹೆಸರು ಪದ್ಮಶ್ರೀ. ಪುಸ್ತಕದಿಂದ ಅದನ್ನು ಹೊಡೆದುಹಾಕಿಲ್ಲ. ಪ್ರತಿ ಶನಿವಾರವೂ ಆ ಹೆಸರನ್ನು ಉಳಿದವಕ್ಕಿಂತ ಸ್ವಲ್ಪ ಗಟ್ಟಿಯಾಗಿ ಕರೆಯುತ್ತೇನೆ. ಶರ್ವಾಣಿ ತಲೆ ತಗ್ಗಿಸಿ, "ಚೆಸ್ಸಿಗೆ ಹೋಗಿದಾಳೆ ಮಿಸ್" ಅನ್ನುತ್ತಾಳೆ. ಕಿಟಕಿಯ ಪಕ್ಕದಲ್ಲೇ ಪದ್ಮಶ್ರೀಯ ಎರಡು ಜಡೆ ಕಾಣುತ್ತವೆ. ಅವಳು ತಿರುಗಿ ನೋಡುವುದಿಲ್ಲ. ನಾನು ಅವಳ ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದು ಎಂಟನೆಯ ಹೆಸರು ಕರೆಯುತ್ತೇನೆ.